ಗಣಿತಸಾರಸಂಗ್ರಹದ ಕರ್ತೃ ಶ್ರೀ ಮಹಾವೀರಾಚಾರ್ಯರು

ಬಸದಿಯ ಪ್ರತಿಷ್ಠಾಕಾರ್ಯದಲ್ಲಿ ಎಣಿಕೆಯಿಲ್ಲದೆ ನಡೆಯುವ ವಿಧಿಯು ಒಂದೂ ಇಲ್ಲ. ಕಲ್ಯಾಣಗಳು ಐದು, ಪೂಜಾದ್ರವ್ಯಗಳು ಎಂಟು, ತೀರ್ಥಂಕರರು ಇಪ್ಪತ್ತನಾಲ್ವರು, ಅಭಿಷೇಕದ ಕಲಶಗಳು 108, ಜಿನೇಂದ್ರರ ನಾಮಗಳು 1008. ಶ್ರಾವಕರು ಭಕ್ತಿಯಿಂದ ಎಣಿಸುತ್ತಾರೆ, ಎಣಿಸಿ ಧನ್ಯರಾಗುತ್ತಾರೆ. ಆದರೆ ಆ ಎಣಿಕೆಯನ್ನೇ ಒಂದು ಶಾಸ್ತ್ರವನ್ನಾಗಿ ಕಟ್ಟಿ, ಜಿನೇಂದ್ರರ ಪಾದಗಳಿಗೆ ಅರ್ಪಿಸಿದ ಆಚಾರ್ಯರೊಬ್ಬರು ನಮ್ಮ ಸೀಮೆಯನ್ನಾಳಿದ ಅರಸನ ಕಾಲದಲ್ಲಿಯೇ ಇದ್ದರೆಂಬುದನ್ನು ನೆನೆಯುವವರು ವಿರಳ. ಅವರೇ ಗಣಿತಸಾರಸಂಗ್ರಹವನ್ನು ರಚಿಸಿದ ಶ್ರೀ ಮಹಾವೀರಾಚಾರ್ಯರು.

ಹುಮನಾಬಾದಿನ ಬಳಿಯ ಮಾಣಿಕನಗರವು ಶ್ರೀ ಮಾಣಿಕಪ್ರಭುಗಳ (1817–1865) ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತ. ಸಕಲ ಮತಗಳನ್ನೂ ಗೌರವಿಸಬೇಕೆಂಬ ಭಾವನೆಗೆ ಆ ಕ್ಷೇತ್ರವು ಹೆಸರಾಗಿದೆ. ಸಮೀಪದ ಬಸವಕಲ್ಯಾಣವು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಕಲ್ಯಾಣ. 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ತರುವುದಕ್ಕೆ ಮೊದಲು ಆ ಗೌರವವು ಮಾನ್ಯಖೇಟಕ್ಕಿತ್ತು. ಮಾನ್ಯಖೇಟವೆಂದರೆ ಇಂದಿನ ಮಳಖೇಡ. ಹುಮನಾಬಾದಿನಿಂದ ಕಲಬುರಗಿಗೆ ಹೋಗಿ, ಅಲ್ಲಿಂದ ಸೇಡಂ ರಸ್ತೆಯಲ್ಲಿ ಸಾಗಿದರೆ ಕಾಗಿಣಾ ನದಿಯ ದಡದಲ್ಲಿ ಆ ಊರು ಸಿಗುತ್ತದೆ. ಅಲ್ಲಿಯ ಕೋಟೆ ಪಾಳುಬಿದ್ದಿದೆ; ಶ್ರೀ ನೇಮಿನಾಥ ಸ್ವಾಮಿಯ ಪ್ರಾಚೀನ ಬಸದಿಯು ಇಂದಿಗೂ ನಿಂತಿದೆ. ಕ್ರಿ.ಶ. 9ನೆಯ ಶತಮಾನದಲ್ಲಿ ಆ ಊರು ದಕ್ಷಿಣಾಪಥದ ದೊಡ್ಡ ರಾಜ್ಯಕ್ಕೆ ರಾಜಧಾನಿಯಾಗಿತ್ತು.

ಆ ರಾಜ್ಯವನ್ನು ಕ್ರಿ.ಶ. 814ರಿಂದ 878ರವರೆಗೆ ಆಳಿದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಬರೆದ ವೀರಸೇನಾಚಾರ್ಯರ ಶಿಷ್ಯರಾದ ಜಿನಸೇನಾಚಾರ್ಯರು ಜಯಧವಲೆಯನ್ನು 837ರಲ್ಲಿ ಪೂರ್ಣಗೊಳಿಸಿದ್ದು ಅವನ ಕಾಲದಲ್ಲಿ. ಆದಿಪುರಾಣವನ್ನೂ, ಅದರೊಳಗಿನ 1008 ಜಿನನಾಮಗಳ ಸ್ತೋತ್ರವನ್ನೂ ನೀಡಿದವರು ಅವರೇ. ಚಕ್ರವರ್ತಿಯು ಜಿನಸೇನರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದು ಭಾವಿಸುತ್ತಿದ್ದನೆಂದು ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ತಿಳಿಸಿದ್ದಾರೆ. ಒಂದು ಕಡೆ ಸಿದ್ಧಾಂತ, ಒಂದು ಕಡೆ ಪುರಾಣ, ಒಂದು ಕಡೆ ಕಾವ್ಯಲಕ್ಷಣ ಬೆಳೆಯುತ್ತಿದ್ದ ಆ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತ ಪದ್ಯಗಳಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು.

ಆಚಾರ್ಯರು ತಮ್ಮ ತಂದೆತಾಯಿಗಳ ಹೆಸರನ್ನು ಗ್ರಂಥದಲ್ಲಿ ಹೇಳಲಿಲ್ಲ. ಹುಟ್ಟಿದ ಊರನ್ನೂ, ವರ್ಷವನ್ನೂ ಹೇಳಲಿಲ್ಲ. ಮೊದಲು ವರ್ಧಮಾನ ಜಿನೇಂದ್ರರಿಗೆ ನಮಸ್ಕರಿಸಿದರು; ಬಳಿಕ ಪ್ರಜೆಗಳನ್ನು ಸಂತೋಷದಿಂದಿಟ್ಟ ನೃಪತುಂಗನ ರಾಜ್ಯವು ಅಭಿವೃದ್ಧಿ ಹೊಂದಲೆಂದು ಹಾರೈಸಿದರು. ಹಿಂದಿನ ಜ್ಞಾನಿಗಳು ಬಿಟ್ಟುಹೋದ ಅಪಾರವಾದ ವಿದ್ಯೆಯಿಂದ ಸ್ವಲ್ಪ ಸಾರವನ್ನು ಮಾತ್ರ ತಾವು ಆಯ್ದುಕೊಂಡಿರುವುದಾಗಿ ವಿನಯದಿಂದ ತಿಳಿಸಿ, ಗ್ರಂಥಕ್ಕೆ ಸಂಗ್ರಹವೆಂಬ ಹೆಸರನ್ನೇ ಕೊಟ್ಟರು. ಇಷ್ಟಾದ ಮೇಲೆ ತಾವು ಮರೆಯಾಗಿ, ಸಂಖ್ಯೆಗಳನ್ನು ಮುಂದೆ ನಿಲ್ಲಿಸಿದರು. ಆದ್ದರಿಂದ ಈ ಮಹನೀಯರ ಜೀವನಚರಿತ್ರೆಯನ್ನು ಓದಬಯಸುವವರು ಅವರ ಗಣಿತವನ್ನೇ ಓದಬೇಕು. ಅವರ ಗುಣಸ್ವಭಾವಗಳೆಲ್ಲ ಅಲ್ಲಿ ಕಾಣುತ್ತವೆ.

ಗ್ರಂಥದಲ್ಲಿ ಒಂಬತ್ತು ಅಧಿಕಾರಗಳಿವೆ. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ ಮತ್ತು ಛಾಯೆ ಎಂಬುವು ಅವುಗಳ ಹೆಸರುಗಳು. ಅದಕ್ಕೆ ಹಿಂದೆ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಜ್ಯೋತಿಶ್ಶಾಸ್ತ್ರದ ಒಂದು ಅಂಗವಾಗಿ ಹೇಳಿದ್ದರು. ಮಹಾವೀರಾಚಾರ್ಯರು ಗ್ರಹಗತಿಯ ವಿಚಾರವನ್ನು ಬಿಟ್ಟು, ಗಣಿತಕ್ಕಾಗಿಯೇ ವಿಸ್ತಾರವಾದ ಗ್ರಂಥವನ್ನು ಬರೆದರು. ಸಂಗೀತ, ವೈದ್ಯ, ಪಾಕಶಾಸ್ತ್ರ, ವಾಸ್ತು, ಛಂದಸ್ಸು, ವ್ಯಾಕರಣ ಇವೆಲ್ಲಕ್ಕೂ ಗಣಿತವು ಬೇಕು. ದ್ವೀಪಸಮುದ್ರಗಳ ವಿಸ್ತಾರವನ್ನು ತಿಳಿಯಲೂ ಗಣಿತವು ಬೇಕು ಎಂಬುದು ಅವರ ನಿಶ್ಚಯವಾಗಿತ್ತು.

ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವ ಶ್ರಾವಕನಿಗೆ ಮಿಶ್ರಕದ ಅಧಿಕಾರವು ತನ್ನ ಮನೆಯಂತೆಯೇ ಕಾಣುತ್ತದೆ. ಸಾಲಕ್ಕೆ ಬಡ್ಡಿಯ ಲೆಕ್ಕ, ಅಸಲು ಬಡ್ಡಿಗಳು ಕೂಡಿದ ಮೊತ್ತದಿಂದ ಅವೆರಡನ್ನೂ ಬೇರ್ಪಡಿಸುವ ಲೆಕ್ಕ, ಪಾಲುದಾರರು ಹಾಕಿದ ಬಂಡವಾಳಕ್ಕೆ ತಕ್ಕಂತೆ ಲಾಭವನ್ನು ಹಂಚುವ ಲೆಕ್ಕ, ಬೇರೆ ಬೇರೆ ಬಣ್ಣದ ಚಿನ್ನವನ್ನು ಕೂಡಿಸಿ ಕರಗಿಸಿದಾಗ ದೊರೆಯುವ ಬಣ್ಣವನ್ನು ಹೇಳುವ ಲೆಕ್ಕ ಇವೆಲ್ಲ ಅಲ್ಲಿವೆ. ಪರಿಗ್ರಹವನ್ನು ತೊರೆದ ಪಂಥದ ಆಚಾರ್ಯರು ಗೃಹಸ್ಥರ ವ್ಯವಹಾರವನ್ನು ಕೀಳೆಂದು ಬಗೆಯಲಿಲ್ಲ. ಲೆಕ್ಕವು ಶುದ್ಧವಾಗಿದ್ದರೆ ವ್ಯವಹಾರವೂ ಶುದ್ಧವಾಗಿರುತ್ತದೆ. ಅಚೌರ್ಯ ಅಣುವ್ರತವನ್ನು ಪಾಲಿಸುವ ವರ್ತಕನಿಗೆ ಸರಿಯಾದ ಗಣಿತವು ವ್ರತರಕ್ಷಣೆಯ ಸಾಧನವೇ ಆಗಿದೆ. ಕಳ್ಳತೂಕ, ಕಳ್ಳ ಅಳತೆಗಳನ್ನು ಆ ವ್ರತದ ಅತಿಚಾರಗಳಲ್ಲಿ ಎಣಿಸಿರುವುದನ್ನು ತತ್ತ್ವಾರ್ಥಸೂತ್ರವನ್ನು ಓದಿದವರು ಬಲ್ಲರು.

ಅವರ ಉದಾಹರಣೆಗಳಲ್ಲಿ ಬಸದಿಗಳು ಮತ್ತೆ ಮತ್ತೆ ಬರುತ್ತವೆ. ಗುಣಾಕಾರವನ್ನು ಕಲಿಸುವಾಗ ಒಂದು ಜಿನಾಲಯಕ್ಕೆ ಎಂಟು ಕಮಲಗಳಂತೆ 144 ಜಿನಾಲಯಗಳಿಗೆ ಎಷ್ಟು ಕಮಲಗಳೆಂದು ಕೇಳುತ್ತಾರೆ. ಉತ್ತರ 1152. ಮತ್ತೊಂದರಲ್ಲಿ ಒಂದು ಜಿನಾಲಯದ ಪೂಜೆಗೆ 139 ಪುಷ್ಯರಾಗ ಮಣಿಗಳಾದರೆ 109 ಜಿನಾಲಯಗಳಿಗೆ ಎಷ್ಟೆಂದು ಕೇಳುತ್ತಾರೆ. ಗುಣಿಸಿ ನೋಡಿದರೆ 15151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಈ ಸಂಖ್ಯೆಯು ಒಂದೇ. ಲೆಕ್ಕ ಮಾಡಿದ ಬಾಲಕನಿಗೆ ಉತ್ತರವೊಂದು ಹಾರದಂತೆ ಕಾಣಲೆಂದು ಆಚಾರ್ಯರು 139 ಮತ್ತು 109ನ್ನು ಆರಿಸಿ ಇಟ್ಟಿದ್ದಾರೆ.

ಹಾರವೆಂಬುದು ಇಲ್ಲಿ ಬರಿಯ ಹೋಲಿಕೆಯಲ್ಲ. ಇಂತಹ ಕೆಲವು ಸಂಖ್ಯೆಗಳನ್ನು ಅವರು ಅರಸರ ಕೊರಳಿಗೆ ಯೋಗ್ಯವಾದ ಕಂಠಿಕೆಗಳೆಂದೇ ಕರೆದಿದ್ದಾರೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು, 111111111. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ಕೊನೆಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆಗಳು. ಇವೆಲ್ಲಕ್ಕಿಂತ ಸುಂದರವಾದುದು 27994681ನ್ನು 441ರಿಂದ ಗುಣಿಸಿದಾಗ ಬರುವ ಸಂಖ್ಯೆ:

12345654321

ಒಂದರಿಂದ ತೊಡಗಿ ಆರರವರೆಗೆ ಏರಿ, ಬಂದ ಕ್ರಮದಲ್ಲಿಯೇ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಯೋಗ್ಯ. ಏಕೆಂದರೆ ಆಚಾರ್ಯರ ಬುದ್ಧಿಯ ರೀತಿಯು ಇದರಲ್ಲಿ ಸ್ಪಷ್ಟವಾಗಿದೆ.

ಇದರಲ್ಲಿ 11 ಸ್ಥಾನಗಳಿವೆ. ಇಂದಿನ ರೂಢಿಯಲ್ಲಿ ಓದಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯರ ಸ್ಥಾನನಾಮಗಳಲ್ಲಿ ಇದರ ಮೊದಲ ಅಂಕೆಯು ಅರ್ಬುದ ಸ್ಥಾನದಲ್ಲಿದೆ. ಇದು ಬೆಸಸಂಖ್ಯೆ. ಇದರ ಅಂಕೆಗಳನ್ನೆಲ್ಲ ಕೂಡಿದರೆ 36. ಆದ್ದರಿಂದ ಇದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇದು ವರ್ಗಸಂಖ್ಯೆಯೂ ಹೌದು. ಇದರ ವರ್ಗಮೂಲವು ಆರು ಒಂದುಗಳ ಸಾಲಾದ 111111. ಎರಡು ಒಂದುಗಳ ವರ್ಗ 121, ಮೂರು ಒಂದುಗಳ ವರ್ಗ 12321, ನಾಲ್ಕು ಒಂದುಗಳ ವರ್ಗ 1234321, ಐದು ಒಂದುಗಳ ವರ್ಗ 123454321. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಬಂದರೆ ಆರನೆಯ ಮೆಟ್ಟಿಲಿನಲ್ಲಿ ಆಚಾರ್ಯರ ಸಂಖ್ಯೆಯು ನಿಂತಿದೆ. ಒಂಬತ್ತು ಒಂದುಗಳವರೆಗೆ ಈ ಸೊಬಗು ಉಳಿಯುತ್ತದೆ. ಹತ್ತನೆಯದರಲ್ಲಿ ದಶಕವು ಮುಂದಿನ ಸ್ಥಾನಕ್ಕೆ ಏರುವುದರಿಂದ ಹಾರದ ಕ್ರಮವು ಕೆಡುತ್ತದೆ.

ಗುಣಿಸಿದ ಎರಡು ಸಂಖ್ಯೆಗಳೂ ವರ್ಗಗಳೇ ಎಂಬುದು ಇನ್ನೊಂದು ವಿಶೇಷ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111 ದೊರೆಯುತ್ತದೆ. ಈ 111111ನ್ನು ಬಿಡಿಸಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗುತ್ತದೆ. ಅದರ ವರ್ಗದಲ್ಲಿ ಈ ಐದೂ ಎರಡೆರಡು ಬಾರಿ ಬರುತ್ತವೆ. ಆದಕಾರಣ 12345654321ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಹೊರಗೆ ಹಾರದಂತೆ ಸರಳವಾಗಿ ತೋರುವ ಸಂಖ್ಯೆಯೊಳಗೆ ಇಷ್ಟು ಕಟ್ಟಡವಿದೆ. ಕಾಗದವಿಲ್ಲದ, ಯಂತ್ರವಿಲ್ಲದ ಕಾಲದಲ್ಲಿ ಇಂತಹ ಗುಣ್ಯ ಗುಣಕಗಳನ್ನು ಹುಡುಕಿ ತೆಗೆದ ತಾಳ್ಮೆಯು ಸಾಮಾನ್ಯವಾದುದಲ್ಲ.

ದೊಡ್ಡ ಸಂಖ್ಯೆಗಳನ್ನು ಹೇಳಲು ಹೆಸರುಗಳು ಬೇಕು. ಸಂಜ್ಞಾಧಿಕಾರದಲ್ಲಿ ಆಚಾರ್ಯರು 24 ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂಬುವೇ ಅವು. ಒಂದರ ಮುಂದೆ 23 ಸೊನ್ನೆಗಳನ್ನಿಟ್ಟರೆ ಮಹಾಕ್ಷೋಭವಾಗುತ್ತದೆ. 24 ಎಂಬ ಈ ಎಣಿಕೆಯು ಶ್ರಾವಕರ ಮನಸ್ಸಿಗೆ ತೀರ್ಥಂಕರರನ್ನು ನೆನಪಿಸುವುದು ಸಹಜ.

ಜೈನಾಗಮದಲ್ಲಿ ಇದಕ್ಕೂ ದೊಡ್ಡ ಸಂಖ್ಯೆಗಳು ಬರುತ್ತವೆ. 10ನೆಯ ಶತಮಾನದಲ್ಲಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು 29 ಅಂಕೆಗಳಲ್ಲಿ ಹೇಳಿದ್ದಾರೆ. ಆ ಸಂಖ್ಯೆಯು 79228162514264337593543950336. ಎರಡನ್ನು 96 ಬಾರಿ ಇಟ್ಟು ಪರಸ್ಪರ ಗುಣಿಸಿದರೆ ಇದು ಬರುತ್ತದೆ. ಹಾಗೆಯೇ ಇದನ್ನು ಅರ್ಧ ಅರ್ಧವಾಗಿ 96 ಬಾರಿ ಕತ್ತರಿಸಿದರೆ ಕೊನೆಗೆ ಒಂದು ಉಳಿಯುತ್ತದೆ. ಒಂದು ಸಂಖ್ಯೆಯನ್ನು ಹೀಗೆ ಎಷ್ಟು ಬಾರಿ ಅರ್ಧಿಸಬಹುದೆಂಬುದನ್ನು ನಮ್ಮ ಆಚಾರ್ಯರು ಅರ್ಧಚ್ಛೇದವೆಂದು ಕರೆದರು. ವೀರಸೇನಾಚಾರ್ಯರು ಧವಲೆಯಲ್ಲಿ ಈ ಅರ್ಧಚ್ಛೇದದ ನಿಯಮಗಳನ್ನು ವಿವರಿಸಿದ್ದಾರೆ. ಹಾರದಂತಹ 12345654321ರಲ್ಲಿ ಐದು ಬಗೆಯ ಅವಿಭಾಜ್ಯಗಳಿವೆ. ಅದಕ್ಕಿಂತ ಎಷ್ಟೋ ದೊಡ್ಡದಾದ ಈ 29 ಅಂಕೆಯ ಸಂಖ್ಯೆಯಲ್ಲಿ ಇರುವುದು ಎರಡು ಎಂಬ ಒಂದೇ ಅವಿಭಾಜ್ಯ. ಸಂಖ್ಯೆಯ ಹಿರಿಮೆಯು ಅದರ ಉದ್ದದಲ್ಲಿ ಮಾತ್ರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಾದರೂ ಸಿದ್ಧಾಂತದ ದೃಷ್ಟಿಯಲ್ಲಿ ಇವೆರಡರ ಪದವಿಯೂ ಒಂದೇ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಸಂಖ್ಯೆಯು ಮೂರು ವಿಧ. ಸಂಖ್ಯಾತದಲ್ಲಿ ಜಘನ್ಯ, ಮಧ್ಯಮ, ಉತ್ಕೃಷ್ಟವೆಂಬ ಮೂರು ಭೇದಗಳು. ಅಸಂಖ್ಯಾತದಲ್ಲಿ ಪರೀತ, ಯುಕ್ತ, ಅಸಂಖ್ಯಾತಾಸಂಖ್ಯಾತ ಎಂಬ ಮೂರೂ, ಅನಂತದಲ್ಲಿ ಪರೀತ, ಯುಕ್ತ, ಅನಂತಾನಂತ ಎಂಬ ಮೂರೂ ಇದ್ದು, ಒಂದೊಂದಕ್ಕೂ ಜಘನ್ಯಾದಿ ಮೂರು ಭೇದಗಳಾಗುವುದರಿಂದ ಒಟ್ಟು 21 ಭೇದಗಳಾಗುತ್ತವೆ. ಎಣಿಕೆಯು ಎರಡರಿಂದ ತೊಡಗುವುದರಿಂದ ಎರಡೇ ಜಘನ್ಯ ಸಂಖ್ಯಾತ. ಉತ್ಕೃಷ್ಟ ಸಂಖ್ಯಾತವನ್ನು ತಿಳಿಸಲು ಲಕ್ಷ ಯೋಜನ ವ್ಯಾಸದ, ಸಾವಿರ ಯೋಜನ ಆಳದ ಕುಂಡಗಳನ್ನು ಸಾಸಿವೆ ಕಾಳುಗಳಿಂದ ತುಂಬಿ, ದ್ವೀಪಕ್ಕೊಂದು ಸಮುದ್ರಕ್ಕೊಂದು ಕಾಳನ್ನು ಹಾಕುತ್ತ ಹೋಗುವ ದೃಷ್ಟಾಂತವನ್ನು ಹೇಳಿದ್ದಾರೆ. ಆ ಅಳತೆಯ ಮುಂದೆ ಮಹಾಕ್ಷೋಭವೂ, 29 ಅಂಕೆಯ ಸಂಖ್ಯೆಯೂ ಮಧ್ಯಮ ಸಂಖ್ಯಾತವೇ ಆಗಿ ನಿಲ್ಲುತ್ತವೆ. ಮನುಷ್ಯನು ಕೂಡಿಡುವ ಯಾವ ಸಂಪತ್ತಿನ ಮೊತ್ತವೂ ಮಧ್ಯಮ ಸಂಖ್ಯಾತವನ್ನು ದಾಟಲಾರದು. ಇದನ್ನರಿತವನಿಗೆ ಗರ್ವಪಡಲು ಕಾರಣವಿಲ್ಲ.

ಸಹಧರ್ಮಿಗಳಾದ ಆಚಾರ್ಯರು ಅಸಂಖ್ಯಾತ ಅನಂತಗಳನ್ನು ವಿಚಾರಿಸುತ್ತಿದ್ದ ಕಾಲದಲ್ಲಿ ಮಹಾವೀರಾಚಾರ್ಯರು ಕೈಗೆ ಸಿಗುವ ಸಂಖ್ಯಾತದ ಕಡೆಗೆ ತಿರುಗಿದರು. ಬಾಲಕನೂ ಬಿಡಿಸಿ ತಾಳೆ ನೋಡಬಹುದಾದ ಲೆಕ್ಕಗಳನ್ನು ಕೊಟ್ಟರು. ಇದೇ ಅವರ ಜೀವನದ ಮುಖ್ಯ ಸಾಧನೆ. ಕಹಿ, ಹುಳಿ, ಉಪ್ಪು, ಖಾರ, ಒಗರು, ಸಿಹಿ ಎಂಬ ಆರು ರಸಗಳನ್ನು ಬಿಡಿಯಾಗಿಯೂ ಕೂಡಿಸಿಯೂ ಎಷ್ಟು ಬಗೆಯಾಗಿ ಬಳಸಬಹುದೆಂಬ ಪ್ರಶ್ನೆಯನ್ನು ಕೇಳಿ, ಅದಕ್ಕೆ ಎಷ್ಟು ವಸ್ತುಗಳಿದ್ದರೂ ಹೊಂದುವ ಸಾಮಾನ್ಯ ಸೂತ್ರವನ್ನು ಹೇಳಿದರು. ಆರು ರಸಗಳಿಗೆ ಉತ್ತರ 63. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದರು. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ತಿಳಿಸಿದರು. ಇಂದು ಶಾಲೆಯಲ್ಲಿ ಭಿನ್ನರಾಶಿಯನ್ನು ಕೂಡುವ ಮಕ್ಕಳು ತಿಳಿಯದೆಯೇ ಈ ಕ್ರಮವನ್ನು ಅನುಸರಿಸುತ್ತಿದ್ದಾರೆ.

ಅವರ ಗ್ರಂಥದಲ್ಲಿ ದೋಷವೇ ಇಲ್ಲವೆಂದು ಹೇಳುವುದು ಭಕ್ತಿಯಾದೀತೇ ಹೊರತು ಸತ್ಯವಾಗದು. ಸೊನ್ನೆಯನ್ನು ಕೂಡಿದರೂ ಕಳೆದರೂ ಸಂಖ್ಯೆಯು ಬದಲಾಗದೆಂದೂ, ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುವುದೆಂದೂ ಅವರು ಸರಿಯಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆಯು ಬದಲಾಗದೆಂದು ಹೇಳಿದ್ದು ಮಾತ್ರ ಸರಿಯಲ್ಲ. ಸೊನ್ನೆಯಿಂದ ಭಾಗಿಸುವ ಕ್ರಿಯೆಗೆ ಇಂದಿನ ಗಣಿತದಲ್ಲಿ ಅರ್ಥವಿಲ್ಲ. ಕೇವಲಜ್ಞಾನವನ್ನು ಹೊಂದದ ಛದ್ಮಸ್ಥರಿಗೆ ತಪ್ಪು ತಟ್ಟುವುದುಂಟೆಂದು ನಮ್ಮ ಧರ್ಮವೇ ಹೇಳುತ್ತದೆ. ಆದ್ದರಿಂದ ಈ ದೋಷವನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ತಪ್ಪೆಂದು ಗುರುತಿಸುವುದೇ ಪ್ರಾಮಾಣಿಕತೆ. ಆಚಾರ್ಯರು ಕಲಿಸಿದ್ದೂ ಅದನ್ನೇ.

ಆಚಾರ್ಯರ ಕಾಲಾನಂತರ ಗ್ರಂಥವು ದಕ್ಷಿಣದಲ್ಲೆಲ್ಲ ಹರಡಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ರಚಿಸಿ, ಈ ವಿದ್ಯೆಯನ್ನು ನಾಡಿನ ನುಡಿಯಲ್ಲಿ ಬೆಳೆಸಿದನು. ಮುಂದೆ ಮಾನ್ಯಖೇಟದ ವೈಭವವು ಅಳಿಯಿತು, ಕಲ್ಯಾಣದ ವೈಭವವೂ ಅಳಿಯಿತು. ಗಣಿತಸಾರಸಂಗ್ರಹವು ಮಾತ್ರ ತಾಳೆಗರಿಗಳಲ್ಲಿ ಉಳಿಯಿತು. ಗೆದ್ದಲು, ತೇವ, ಬೆಂಕಿಗಳಿಂದ ಅದನ್ನು ಕಾಪಾಡಿ, ಹಳೆಯ ಗರಿ ಜೀರ್ಣವಾದಾಗ ಹೊಸ ಗರಿಯ ಮೇಲೆ ಪ್ರತಿಮಾಡಿದ ಲಿಪಿಕಾರರೂ, ಅದಕ್ಕೆ ದ್ರವ್ಯವನ್ನು ಒದಗಿಸಿದ ಶ್ರಾವಕ ಶ್ರಾವಿಕೆಯರೂ ತಮ್ಮ ಹೆಸರನ್ನು ಉಳಿಸದೆ ಹೋದರು. ಅವರ ಶಾಸ್ತ್ರದಾನದ ಫಲವು ಉಳಿಯಿತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಕೂಡಿಸಿ, ತಾಳೆ ನೋಡಿ, ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಸಿದ್ಧಪಡಿಸಿದರು. ಅವರು ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಮದರಾಸು ಸರ್ಕಾರವು 1912ರಲ್ಲಿ ಅದನ್ನು ಅಚ್ಚುಮಾಡಿಸಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಯುಜೀನ್ ಸ್ಮಿತ್ ಅವರು ಅದಕ್ಕೆ ಪೀಠಿಕೆಯನ್ನು ಬರೆದರು. ಅವರು 1908ರಲ್ಲಿಯೇ ರೋಮ್ ನಗರದಲ್ಲಿ ಕೂಡಿದ್ದ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಈ ಗ್ರಂಥದ ಪರಿಚಯವನ್ನು ಮಾಡಿಕೊಟ್ಟಿದ್ದರು. ಹೀಗೆ ಸಾವಿರ ವರ್ಷಗಳ ಮೇಲೆ ರಾಷ್ಟ್ರಕೂಟ ನಾಡಿನ ಜೈನ ಗಣಿತಜ್ಞರ ಹೆಸರು ಸಮುದ್ರಗಳನ್ನು ದಾಟಿತು. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1963ರಲ್ಲಿ ಹಿಂದಿ ಅನುವಾದವು ಹೊರಬಂದಿತು. ಹೊಂಬುಜ ಕ್ಷೇತ್ರದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯು 2000ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಮೂಲವನ್ನು ಪ್ರಕಟಿಸಿತು. ಆಚಾರ್ಯರ ಗ್ರಂಥವು ಕೊನೆಗೆ ಕನ್ನಡಿಗರ ಕೈಗೆ ಕನ್ನಡದಲ್ಲಿಯೇ ಬಂದಿತು.

ಬಿಂಬಪ್ರತಿಷ್ಠೆಯು ಒಮ್ಮೆ ನಡೆದರೆ ತಲೆಮಾರುಗಳವರೆಗೆ ಪೂಜೆಯು ನಡೆಯುತ್ತದೆ. ಶಾಸ್ತ್ರದ ಸ್ಥಿತಿಯು ಹಾಗಲ್ಲ. ಓದುವವರಿಲ್ಲದ ದಿನವೇ ಅದು ಮತ್ತೆ ಮರೆಯಾಗುತ್ತದೆ. ತಾಳೆಗರಿಯನ್ನು ಗೆದ್ದಲಿನಿಂದ ಕಾಪಾಡಿದ ಹಿರಿಯರ ಮುಂದೆ, ಅಚ್ಚಾದ ಪುಸ್ತಕವನ್ನು ತೆರೆದು ನೋಡದ ಪೀಳಿಗೆಯು ಏನೆಂದು ಉತ್ತರ ಕೊಟ್ಟೀತು? ಹೊಸ ಬಸದಿಯ ಶಾಸ್ತ್ರಭಂಡಾರದಲ್ಲಿ ಸಿದ್ಧಾಂತ ಪುರಾಣಗಳ ಪಕ್ಕದಲ್ಲಿ ಗಣಿತಸಾರಸಂಗ್ರಹದ ಒಂದು ಪ್ರತಿಯೂ ಇರುವುದು ಉಚಿತ. ಬಸದಿಯ ಜಗಲಿಯಲ್ಲಿ ಕುಳಿತ ಮಗುವೊಂದು 139ನ್ನು 109ರಿಂದ ಗುಣಿಸಿ, ಬಂದ ಉತ್ತರವನ್ನು ಎರಡು ಕಡೆಯಿಂದಲೂ ಓದಿ ನಕ್ಕರೆ, ಅದೂ ಆಚಾರ್ಯರಿಗೆ ಸಲ್ಲುವ ಒಂದು ಅರ್ಘ್ಯವೇ.

ತಮ್ಮ ಬಗೆಗೆ ಏನನ್ನೂ ಬರೆಯದೆ, ಸಂಖ್ಯೆಗಳ ಹಾರವನ್ನು ಜಿನಪಾದಗಳಿಗೆ ಅರ್ಪಿಸಿ ಹೋದ ಶ್ರೀ ಮಹಾವೀರಾಚಾರ್ಯರ ಸ್ಮರಣೆಯು ಈ ಪ್ರತಿಷ್ಠೆಯ ಶುಭಮುಹೂರ್ತದಲ್ಲಿ ಸಮಾಜದ ಸಮಸ್ತರಿಗೂ ಸಮ್ಯಗ್ಜ್ಞಾನವನ್ನು ತರಲಿ. ಜೈನಂ ಜಯತು ಶಾಸನಂ.